ಕಾಲುವೆ ನೀರು ನಿಂತ ಮೇಲೆ ಹಕ್ಕಿ ನೋಡಿ

ಹಕ್ಕಿ ನೋಡಬೇಕಾದರೆ ಚಳಿಗಾಲಕ್ಕೆ ಕಾಯಬೇಕು ಎಂಬ ಮಾತು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಸರಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲಕ್ಕಷ್ಟೇ ಸಿಗುತ್ತವೆ, ಮಾರ್ಚ್ ಮುಗಿಯುವ ಹೊತ್ತಿಗೆ ಕೆರೆ ಖಾಲಿ. ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ಜವಳಗೇರಾಕ್ಕೆ ಆ ಮಾತು ಹೊಂದುವುದಿಲ್ಲ. ಇಲ್ಲಿ ಹೊಸದಾಗಿ ಹಕ್ಕಿ ಕಲಿಯುವವರಿಗೆ ಬಿಸಿಲು ಏರತೊಡಗುವ ಮಾರ್ಚ್ ಕೊನೆಯಿಂದ ಮೇ ನಡುವಿನವರೆಗಿನ ಕಾಲವೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ನೀರು. ಚಳಿಗಾಲದಲ್ಲಿ ಸಿಂಧನೂರು ಸೀಮೆಯ ಗದ್ದೆ, ಹೊಲಗಾಲುವೆ, ಹಳ್ಳ ಎಲ್ಲ ಕಡೆ ನೀರು ನಿಂತಿರುತ್ತದೆ. ಹಕ್ಕಿಗಳು ಅಷ್ಟಗಲಕ್ಕೂ ಚದುರಿ, ಎದೆಮಟ್ಟದ ಪೈರಿನಲ್ಲಿ ಮುಳುಗಿಹೋಗಿರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಕೊಯ್ಲು ಮುಗಿದು ನೆಲ ಬಯಲಾಗುತ್ತದೆ. ಉಳಿದ ನಾಲ್ಕಾರು ಗುಂಡಿಗಳಿಗೆ ಊರ ಹಕ್ಕಿಯೆಲ್ಲ ಬಂದು ಸೇರುತ್ತದೆ. ಆ ಹೊತ್ತಿಗೆ ಅನೇಕ ಹಕ್ಕಿಗಳು ಮರಿ ಮಾಡುವ ಕಾಲದ ಬಣ್ಣ ತೊಟ್ಟಿರುತ್ತವೆ, ದನಿ ತೆಗೆದು ಕೂಗುತ್ತವೆ. ಗುರುತು ಹಿಡಿಯಲು ಇದಕ್ಕಿಂತ ಸುಲಭದ ಕಾಲ ಯಾವುದು?

ಎರಡನೇ ಬೆಳೆಗೆ ನೀರು ಸಿಗದ ವರ್ಷಗಳೂ ಇವೆ. ಅಂಥ ವರ್ಷ ಈ ಕಾಲ ಬೇಗ ಶುರುವಾಗುತ್ತದೆ. ಹಾಗಾಗಿ ಇಲ್ಲಿ ಹಕ್ಕಿ ನೋಡುವವರು ಪಂಚಾಂಗದ ಜೊತೆಗೆ ಕಾಲುವೆಯ ನೀರು ಬಂದ್ ಆಗುವ ದಿನಾಂಕವನ್ನೂ ಬರೆದಿಟ್ಟುಕೊಳ್ಳಬೇಕು.

ಕಾಲುವೆ ಬರುವ ಮೊದಲು ಈ ನೆಲ ಹೀಗಿರಲಿಲ್ಲ. ತುಂಗಭದ್ರಾ ಅಣೆಕಟ್ಟೆ ಮುಗಿದದ್ದು 1953ರಲ್ಲಿ. ಅದಕ್ಕೂ ಮೊದಲು ಇಲ್ಲೆಲ್ಲ ಮಳೆ ನಂಬಿದ ಎರೆಹೊಲ, ಜೋಳ, ಹತ್ತಿ. ಹಕ್ಕಿಗಳೂ ಒಣನೆಲದವೇ. ಸಾಲಿಂ ಅಲಿ 1931–32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ರಾಯಚೂರು ಸೀಮೆ ಆ ಸಂಸ್ಥಾನದ ಒಳಗಿತ್ತು. ಅದರ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933–34ರಲ್ಲಿ ಕಂತುಕಂತಾಗಿ ಬಂತು. ಆಮೇಲೆ ನೀರಾವರಿ ಬಂತು, ಭತ್ತ ಬಂತು, ಆಂಧ್ರದಿಂದ ಬಂದ ರೈತರ ಕ್ಯಾಂಪ್‌ಗಳು ಎದ್ದವು. ನೀರುಹಕ್ಕಿಗಳಿಗೆ ಹೊಸ ನೆಲೆ ಸಿಕ್ಕಿತು, ಬಯಲ ಹಕ್ಕಿಗಳ ಜಾಗ ಕುಗ್ಗಿತು. ಈಗ ಜವಳಗೇರಾದಲ್ಲಿ ನಿಂತವರಿಗೆ ಒಂದು ಕಡೆ ಮೆಟ್ಟುಗಾಲು ಹಕ್ಕಿ, ಇನ್ನೊಂದು ಕಡೆ ನೆಲಗುಬ್ಬಿ. ಎರಡು ಲೋಕಗಳ ನಡುವೆ ಕೆಲವು ಕಡೆ ಒಂದೇ ಬದು ಅಡ್ಡ.

ಎಲ್ಲಿ ನಿಲ್ಲಬೇಕು

ಮೊದಲ ಜಾಗ ಕಾಲುವೆಯ ಏರಿ. ನೀರಿಲ್ಲದ ಕಾಲುವೆಯಲ್ಲೂ ತಗ್ಗು ಇದ್ದಲ್ಲಿ ಮಡು ಉಳಿದಿರುತ್ತದೆ, ಅದರಲ್ಲಿ ಸಿಕ್ಕಿಬಿದ್ದ ಮೀನೂ ಇರುತ್ತದೆ. ಬೆಳ್ಳಕ್ಕಿ, ಕೊಳಬಕ, ನೀರುಕಾಗೆ, ಬಿಳಿ ಎದೆಯ ಮಿಂಚುಳ್ಳಿ ಅಲ್ಲಿಗೆ ತಪ್ಪದೆ ಬರುತ್ತವೆ. ಸಿಮೆಂಟ್ ಹಾಕದ ಉಪಕಾಲುವೆಗಳ ಕಡಿದಾದ ಮಣ್ಣಿನ ಗೋಡೆಯಲ್ಲಿ ಚಿಕ್ಕ ಗುಂಡು ತೂತುಗಳು ಕಂಡರೆ ಅವಸರದಲ್ಲಿ ಇಲಿಬಿಲ ಎಂದು ತೀರ್ಮಾನಿಸಬೇಡಿ. ದೂರ ಕೂತು ಕಾಯಿರಿ. ಹಸಿರು ಕಳ್ಳಿಪೀರ ಫೆಬ್ರುವರಿಯಿಂದ ಜೂನ್ ನಡುವೆ ಇಂಥ ಗೋಡೆಯಲ್ಲೇ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ತಂತಿಯ ಮೇಲಿಂದ ಹಾರಿ, ಗಾಳಿಯಲ್ಲೇ ಜೇನುನೊಣವನ್ನೋ ಏರೋಪ್ಲೇನ್ ಚಿಟ್ಟೆಯನ್ನೋ ಹಿಡಿದು, ಕೂತ ಜಾಗಕ್ಕೇ ಮರಳಿ ತಂತಿಗೆ ಬಡಿಯುವ ಹಸಿರು ಹಕ್ಕಿ ಅದು. ಬಾಲದ ನಡುವೆ ಎರಡು ಗರಿ ಸೂಜಿಯಂತೆ ಹೊರಗೆ ಚಾಚಿರುತ್ತವೆ. ಹೂಳೆತ್ತುವುದು, ಏರಿ ಸರಿಪಡಿಸುವುದು ಎಲ್ಲ ಈ ಬಿಡುವಿನಲ್ಲೇ ನಡೆಯುವುದರಿಂದ ಗೂಡುಗಳು ಜೆಸಿಬಿಯ ಬಾಯಿಗೆ ಸಿಗುವುದುಂಟು. ಕೆಲಸ ಮಾಡಿಸುವವರಿಗೆ ಗೂಡಿನ ಗೋಡೆ ತೋರಿಸಿ, ಆ ನಾಲ್ಕು ಮಾರು ಜಾಗವನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬಹಳ ಮಂದಿ ಕೇಳುವುದೇ ಇಲ್ಲ.

ಎರಡನೇ ಜಾಗ ಕೊಯ್ಲಾದ ಗದ್ದೆ. ಕಟಾವು ಯಂತ್ರ ಓಡುತ್ತಿರುವ ಹೊತ್ತೇ ಇಲ್ಲಿನ ದೊಡ್ಡ ಸಂತೆ. ಯಂತ್ರ ಎಬ್ಬಿಸಿದ ಮಿಡತೆ, ಕಪ್ಪೆ, ಇಲಿಮರಿಗಳಿಗಾಗಿ ಗೋವಕ್ಕಿ, ಕಾಜಾಣ, ಹದ್ದು, ಗೊರವಂಕ ಹಿಂದೆ ಹಿಂದೆಯೇ ಬರುತ್ತವೆ. ಗದ್ದೆ ಅಂಚಿನ ಕಂಬದ ಮೇಲೆ ಕೂತ, ಕೆಂಗಣ್ಣಿನ, ಬೂದುಬಿಳಿ ಮೈಯ, ಭುಜ ಕಪ್ಪಗಿರುವ ಚಿಕ್ಕ ಹದ್ದು ರಾಮದಾಸ ಹದ್ದು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಇಲಿಯ ಮೇಲೆ ಇಳಿಯುತ್ತದೆ. ನೆಲ್ಲಿನ ರೈತರಿಗೆ ಇದರಂಥ, ಕಣಜ ಗೂಬೆಯಂಥ ಸಂಬಳವಿಲ್ಲದ ಆಳು ಬೇರೆ ಸಿಗಲಾರರು. ಇಲಿಪಾಷಾಣ ತಿಂದ ಇಲಿಯನ್ನು ಇವು ತಿಂದರೆ ವಿಷ ಇವಕ್ಕೂ ಏರುತ್ತದೆ. ಕೂಳೆಗೆ ಬೆಂಕಿ ಇಟ್ಟ ಗದ್ದೆಯಲ್ಲೂ ಹಕ್ಕಿ ಸೇರುತ್ತವೆ, ಹೊಗೆಗೆ ಹೊರಬಿದ್ದ ಹುಳು ಹಿಡಿಯಲು. ಅದನ್ನು ಕಂಡು ಬೆಂಕಿ ಹಕ್ಕಿಗೆ ಒಳ್ಳೆಯದು ಎಂದುಕೊಳ್ಳಬೇಡಿ, ನೆಲದ ಮೇಲಿನ ಮೊಟ್ಟೆಗಳು ಅದೇ ಬೆಂಕಿಯಲ್ಲಿ ಬೇಯುತ್ತವೆ.

ಮೂರನೆಯದು ಉಳಿದ ನೀರು. ಹಳ್ಳದ ಮಡು, ಬಸಿಗಾಲುವೆಯ ಜೊಂಡು, ಬೇಸಿಗೆಗೆಂದು ತುಂಬಿಸಿಟ್ಟ ಕುಡಿಯುವ ನೀರಿನ ಕೆರೆ. ಬೇಲಿ ಇದ್ದರೆ ಬೇಲಿಯ ಹೊರಗೇ ನಿಲ್ಲಿ, ಅದು ಊರು ಕುಡಿಯುವ ನೀರು. ಕೆಂಪು ಕಡ್ಡಿಯಂಥ ಉದ್ದ ಕಾಲಿನ ಕಪ್ಪು ಬಿಳುಪು ಹಕ್ಕಿ ಮೆಟ್ಟುಗಾಲು. ಮೇಲಿನ ಕೆಳಗಿನ ಕೊಕ್ಕಿನ ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟ ಬೂದುಬಿಳಿ ಕೊಕ್ಕರೆ ಬಾಯಿಕಳಕ, ಗದ್ದೆಯ ಬಸವನಹುಳು ಅದರ ಮುಖ್ಯ ಊಟ. ಬಾಗಿದ ಕೊಕ್ಕಿನವು ಕೆಂಬರಲುಗಳು: ತಲೆ ಕಪ್ಪು, ಮೈ ಬಿಳಿ ಇದ್ದರೆ ಬಿಳಿ ಕೆಂಬರಲು, ಕಪ್ಪು ಮೈಗೆ ನೆತ್ತಿಯಲ್ಲಿ ಕೆಂಪು ಇದ್ದರೆ ಕರಿ ಕೆಂಬರಲು, ಗಾತ್ರದಲ್ಲಿ ಸಣ್ಣದಾಗಿ ಬಿಸಿಲಿಗೆ ತಾಮ್ರ, ಹಸಿರು ಹೊಳೆದರೆ ಮಿಂಚು ಕೆಂಬರಲು. ಜೊಂಡಿನೊಳಗೆ ನೇರಳೆ ಮೈ, ಕೆಂಪು ಹಣೆಯ ಜಂಬುಕೋಳಿ ಓಡಾಡುತ್ತದೆ. ಹಣೆ ಬೆಳ್ಳಗಿದ್ದು ಮೈ ಪೂರ್ತಿ ಕಪ್ಪಾದರೆ ನಾಮದ ಕೋಳಿ. ಬಣ್ಣದ ಕೊಕ್ಕರೆಗಳು ಈ ನೀರಿಗೆ ಮೇಯಲು ಬಂದರೆ ಆಶ್ಚರ್ಯವಿಲ್ಲ. ಅವು ಗೂಡು ಕಟ್ಟುವ ಹೆಸರುವಾಸಿ ಜಾಗ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ. ಕೆರೆಯೊಳಗಿನ ಜಾಲಿಮರಗಳ ಮೇಲೇ ಗೂಡು. ಆ ಕೆರೆಯೂ ಮಾಗಡಿ ಕೆರೆಯೂ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದವು.

ನಾಲ್ಕನೆಯದನ್ನು ಜನ ಮರೆಯುತ್ತಾರೆ. ಬೆಳೆ ಇಲ್ಲದ ಎರೆಹೊಲ, ಕಲ್ಲು ಮಸಾರಿ, ಬೀಳು ನೆಲ. ನೋಡಿದರೆ ಅಲ್ಲೇನೂ ಇಲ್ಲ ಅನ್ನಿಸುತ್ತದೆ. ಬೆಳಿಗ್ಗೆ ಏಳರ ಒಳಗೆ ಹತ್ತು ನಿಮಿಷ ಅಲ್ಲಾಡದೆ ಕೂತರೆ ನೆಲವೇ ಎದ್ದು ಓಡಾಡತೊಡಗುತ್ತದೆ. ಬೂದು ನೆತ್ತಿ, ಕಪ್ಪು ಹೊಟ್ಟೆಯ ಪುಟ್ಟ ಗಂಡು ನೆಲಗುಬ್ಬಿ ಮೇಲೇರಿ, ರೆಕ್ಕೆ ಮಡಚಿ, ಸಿಳ್ಳೆ ಹಾಕುತ್ತ ಬಿದ್ದು, ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಾಗ ಮತ್ತೆ ಏರುತ್ತದೆ. ಗೌಜಲಕ್ಕಿಯ ಕೂಗು ಜಾಲಿಯ ಮರೆಯಿಂದ ಬರುತ್ತದೆ. ಹಳದಿ ಟಿಟ್ಟಿಭ ಮೊಟ್ಟೆ ಇಡುವುದೂ ಇಂಥ ಒಣನೆಲದಲ್ಲೇ, ಗೂಡೆಂದು ಕರೆಯಲು ನಾಲ್ಕು ಬೆಣಚುಕಲ್ಲೂ ಇರಲಿಕ್ಕಿಲ್ಲ. ಕಣ್ಣಿನ ಮುಂದೆ ಹಳದಿ ಚರ್ಮ ಜೋಲಿದ್ದರೆ ಅದು. ಕೆಂಪು ಚರ್ಮ ಇದ್ದು ನೀರಿನ ಹತ್ತಿರ ಗದ್ದಲ ಎಬ್ಬಿಸಿದರೆ ನಮ್ಮ ಎಲ್ಲರಿಗೂ ಗೊತ್ತಿರುವ ಟಿಟವಿ. ನಡುಹಗಲ ಬಿಸಿಲಿಗೆ ಮೊಟ್ಟೆ ಬೇಯಬಾರದೆಂದು ಈ ಹಕ್ಕಿಗಳು ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಇವನ್ನು ನೀವು ಹತ್ತು ನಿಮಿಷ ಗೂಡಿನಿಂದ ಎಬ್ಬಿಸಿ ನಿಲ್ಲಿಸಿದರೆ ಮೊಟ್ಟೆಯ ಗತಿ ಏನೆಂದು ಲೆಕ್ಕ ಹಾಕಿ.

ಜವಳಗೇರಾದ ಬೀಜ ಫಾರಂ ಇಂಥ ವಿಶಾಲ ಹೊಲಗಳ ಜಾಗವೇ. ಅದು ರಾಷ್ಟ್ರೀಯ ಬೀಜ ನಿಗಮದ್ದು, ಒಳಗೆ ಹೋಗುವ ಮೊದಲು ಕಚೇರಿಯಲ್ಲಿ ಅನುಮತಿ ಕೇಳಿ. ಹೊರಗಿನ ರಸ್ತೆಯಿಂದ ನೋಡಿದರೂ ನಷ್ಟವಿಲ್ಲ.

ರಜೆಯ ದಿನ ಗಾಡಿ ಇದ್ದರೆ ಮಸ್ಕಿಯ ಬಂಡೆಗುಡ್ಡಕ್ಕೆ ಹೋಗಿ. 1915ರಲ್ಲಿ ಅಶೋಕನ ಶಾಸನ ಸಿಕ್ಕ ಊರು. ಕೊಂಬಿನ ಗೂಬೆಗೆ, ಚಿಟ್ಟುಮಡಿವಾಳಕ್ಕೆ, ನವಿಲಿಗೆ ಇಂಥ ಬಂಡೆಗಳೇ ಬೇಕು. ಅಶೋಕ ಕೊಲ್ಲಬಾರದೆಂದು ಗಿಳಿ, ಗೊರವಂಕ, ಚಕ್ರವಾಕ, ಹಂಸಗಳ ಪಟ್ಟಿ ಕೊರೆಸಿದ್ದು ಇಲ್ಲಲ್ಲ, ಉತ್ತರದ ತನ್ನ ಸ್ತಂಭಗಳ ಮೇಲೆ. ಆದರೂ ಮಸ್ಕಿಯ ಗುಡ್ಡ ಹತ್ತುವಾಗ ಅದು ನೆನಪಾಗದೆ ಇರದು. ಮಾರಲದಿನ್ನಿ ಬಳಿಯ ಮಸ್ಕಿ ನಾಲಾ ಜಲಾಶಯ, ಲಿಂಗಸುಗೂರು ಕಡೆಯವರಿಗೆ ನಾರಾಯಣಪುರದ ಬಸವಸಾಗರದ ಹಿನ್ನೀರು, ಸಿಂಧನೂರಿನ ದಕ್ಷಿಣಕ್ಕೆ ದಢೇಸುಗೂರಿನ ಬಳಿ ತುಂಗಭದ್ರೆ, ಇವು ಬೇಸಿಗೆಯಲ್ಲಿ ಕೆಸರಂಚು ಬಿಚ್ಚುವ ಜಾಗಗಳು. ನದಿಯ ಮರಳುದಿಬ್ಬಗಳಲ್ಲಿ ನದಿ ರೀವ ಮಾರ್ಚ್‌ನಿಂದ ಮೇ ನಡುವೆ ಮೊಟ್ಟೆ ಇಡುತ್ತದೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲುಬಾಲ. ಮರಳು ಗಾಡಿ, ನಾಯಿ, ದಿಢೀರ್ ಬಿಟ್ಟ ನೀರು, ಎಲ್ಲವೂ ಅದಕ್ಕೆ ವೈರಿ. ಅಳಿವಿನಂಚಿಗೆ ಸರಿಯುತ್ತಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿ ಅದರ ಹೆಸರಿದೆ. ದಿಬ್ಬಕ್ಕೆ ಕಾಲಿಡಬೇಡಿ.

ಹೊತ್ತು, ಸಾಮಾನು

ಏಪ್ರಿಲ್‌ನಲ್ಲಿ ಇಲ್ಲಿ ಸುಮಾರು ಆರು ಗಂಟೆ ಆಸುಪಾಸಿಗೆ ಸೂರ್ಯ ಮೂಡುತ್ತಾನೆ. ಅದಕ್ಕೆ ಅರ್ಧ ಗಂಟೆ ಮೊದಲು ಜಾಗದಲ್ಲಿರಿ, ಒಂಬತ್ತರೊಳಗೆ ಮನೆ ಸೇರಿ. ಸಂಜೆ ಐದರ ನಂತರ ಮತ್ತೊಮ್ಮೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಮಾಮೂಲು, ನಡುಹಗಲಿಗೆ ಹಕ್ಕಿಯೇ ನೆರಳು ಹಿಡಿದು ಕೂತಿರುತ್ತದೆ. ನೀರಿನ ಬಾಟಲಿ, ತಲೆಗೆ ಟವೆಲ್ಲು, ಕಾಲಿಗೆ ಬೂಟು. ಬೂಟು ಮುಳ್ಳಿಗಷ್ಟೇ ಅಲ್ಲ. ಗದ್ದೆಬದುವಿನಲ್ಲಿ ಕೊಳಕುಮಂಡಲ ಇರುತ್ತದೆ, ಕಣ್ಣು ಆಕಾಶದಲ್ಲಿ ಇಟ್ಟು ನಡೆಯುವವರಿಗೆ ಅದು ಕಾಣುವುದಿಲ್ಲ. ನೀರು ಹರಿಯುವ ಕಾಲುವೆಯ ಸಿಮೆಂಟ್ ಇಳಿಜಾರಿಗೆ ಫೋಟೋಗಾಗಿ ಇಳಿಯಬೇಡಿ. ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ.

ದುರ್ಬೀನು ಕೊಳ್ಳುವುದಾದರೆ 8x42 ಎಂದು ಬರೆದಿರುವುದನ್ನು ನೋಡಿ. ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹತ್ತು, ಹನ್ನೆರಡು ಪಟ್ಟಿನವು ಅಂಗಡಿಯಲ್ಲಿ ಚಂದ ಕಾಣುತ್ತವೆ, ಹೊಲದಲ್ಲಿ ಕೈ ನಡುಗಿ ಚಿತ್ರ ಕುಣಿಯುತ್ತದೆ. ದುರ್ಬೀನು ಇಲ್ಲದೆಯೂ ಒಂದು ಬೇಸಿಗೆ ಕಳೆಯಬಹುದು, ನೋಟ್‌ಬುಕ್ ಇಲ್ಲದೆ ಮಾತ್ರ ಬೇಡ. ಕನ್ನಡದಲ್ಲಿ ಪುಸ್ತಕ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇದೆ. ಮೊಬೈಲಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆ್ಯಪ್ ಉಚಿತ. ಅದು ಕೂಗು ಕೇಳಿ ಹೆಸರು ಹೇಳುತ್ತದೆ. ಆದರೆ ಟ್ರ್ಯಾಕ್ಟರ್ ಸದ್ದಿನ ನಡುವೆ ಅದು ಹೇಳಿದ್ದನ್ನೆಲ್ಲ ನಂಬಬಾರದು. ಕಣ್ಣಿಗೆ ಕಂಡ ಮೇಲೆ ಬರೆದುಕೊಳ್ಳಿ.

ಪ್ರತಿ ಬೇಸಿಗೆ ಬರುವ ಪ್ರಶ್ನೆಗಳು

“ಸರ್, ನಮ್ಮ ಗದ್ಯಾಗ ಬೆಳ್ಳಕ್ಕಿಗೆ ಯಾರೋ ಓಕುಳಿ ಹಾಕ್ಯಾರ.” ಹೋಳಿ ಹುಣ್ಣಿಮೆಯ ಆಸುಪಾಸಿಗೇ ಶುರುವಾಗುವ ಬದಲಾವಣೆಯಾದ್ದರಿಂದ ಈ ಅನುಮಾನ ಸಹಜ. ಯಾರೂ ಹಾಕಿಲ್ಲ. ದನದ ಹಿಂದೆ, ಟ್ರ್ಯಾಕ್ಟರ್ ಹಿಂದೆ ನಡೆಯುವ ಗೋವಕ್ಕಿಗೆ ಮರಿ ಮಾಡುವ ಕಾಲ ಬಂದಾಗ ತಲೆ, ಕತ್ತು, ಬೆನ್ನಿನ ಮೇಲೆ ಕೇಸರಿ ಗರಿ ಮೂಡುತ್ತದೆ. ಕೊಳಬಕದ ಮಾಸಲು ಬೆನ್ನು ಇದೇ ಕಾಲಕ್ಕೆ ಗಾಢ ಕಂದುಗೆಂಪಾಗುತ್ತದೆ. ಸಣ್ಣ ಬೆಳ್ಳಕ್ಕಿಯ ತಲೆಯ ಹಿಂದೆ ಎರಡು ಉದ್ದ ಗರಿ ಇಳಿಬೀಳುತ್ತವೆ. ಅದರ ಕಾಲು ಕಪ್ಪು, ಪಾದ ಮಾತ್ರ ಹಳದಿ. ಕೇಸರಿ ಗರಿ ಮೊದಲು ಕಂಡ ದಿನ ಬರೆದಿಡಿ, ಮುಂದಿನ ವರ್ಷ ಹೋಲಿಸಲು ಬರುತ್ತದೆ.

“ಗಾಡಿ ಕನ್ನಡಿಗೆ ಗುಬ್ಬಿ ದಿನಾ ಬಂದು ಕುಟ್ಟಾಕತ್ತೈತಿ, ಹುಚ್ಚು ಹಿಡದೈತೇನು?” ಹುಚ್ಚಲ್ಲ, ಗಡಿತಂಟೆ. ಗೂಡಿನ ಕಾಲದಲ್ಲಿ ತನ್ನ ಜಾಗಕ್ಕೆ ಬಂದ ಇನ್ನೊಂದು ಗಂಡನ್ನು ಓಡಿಸುವುದು ಅದರ ಕೆಲಸ, ಕನ್ನಡಿಯಲ್ಲಿ ಕಾಣುವ ಗಂಡು ಎಷ್ಟು ಕುಟ್ಟಿದರೂ ಓಡುವುದಿಲ್ಲ. ಸೂರಕ್ಕಿ, ಚಿಟ್ಟುಮಡಿವಾಳಗಳೂ ಹೀಗೆ ಮಾಡುತ್ತವೆ. ಕನ್ನಡಿಗೆ ಬಟ್ಟೆ ಚೀಲ ಕಟ್ಟಿ ಕೆಲವು ವಾರ ಬಿಡಿ. ಹಕ್ಕಿಗೆ ಸುಸ್ತು ತಪ್ಪುತ್ತದೆ, ನಿಮಗೆ ಕನ್ನಡಿ ಉಳಿಯುತ್ತದೆ.

“ಕಾಗಿ ಬಾಯಿ ತಕ್ಕೊಂಡು ಕುಂತೈತಿ, ರೋಗ ಬಂದೈತಾ?” ಹಕ್ಕಿಗೆ ಬೆವರುವ ಗ್ರಂಥಿ ಇಲ್ಲ. ಬಾಯಿ ತೆರೆದು, ಗಂಟಲ ಚರ್ಮ ಪಟಪಟ ಆಡಿಸಿ ಒಳಗಿನ ಬಿಸಿ ಹೊರಹಾಕುತ್ತದೆ. ನೆರಳಿದ್ದು ನೀರು ಸಿಕ್ಕರೆ ತಾನೇ ಸರಿಯಾಗುತ್ತದೆ. ನೀರಿಡುವವರು ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಇಡಿ, ನಡುವೆ ಒಂದೆರಡು ಕಲ್ಲು ಹಾಕಿ. ಬಕೆಟ್ಟು, ಡ್ರಮ್ಮು ತೆರೆದಿಟ್ಟರೆ ಗುಬ್ಬಿ ಮುಳುಗಿ ಸಾಯುತ್ತದೆ. ನೆರಳಲ್ಲಿಡಿ, ಬೆಕ್ಕು ಅಡಗಲು ಪೊದೆ ಹತ್ತಿರವಿರಬಾರದು. ಮುಖ್ಯ ಮಾತು, ದಿನಾ ತೊಳೆದು ಹೊಸ ನೀರು ಹಾಕಿ. ಮಾರ್ಚ್ 20ರ ಗುಬ್ಬಚ್ಚಿ ದಿನದಂದು ಫೋಟೋ ತೆಗೆಸಿಕೊಂಡು ಕಟ್ಟಿದ ತಟ್ಟೆ ಏಪ್ರಿಲ್‌ಗೆ ಪಾಚಿ ಕಟ್ಟಿ ಸೊಳ್ಳೆಮರಿ ಸಾಕುತ್ತಿರುವುದನ್ನು ಊರೂರಲ್ಲಿ ನೋಡಬಹುದು. ಅದಕ್ಕಿಂತ ತಟ್ಟೆ ಇಲ್ಲದಿರುವುದೇ ವಾಸಿ.

“ಬೇವಿನ ಗಿಡದಾಗ ಚುಕ್ಕಿ ಚುಕ್ಕಿ ಹಕ್ಕಿ, ಗಿಡುಗನ ಮರಿ ಇರಬೇಕು.” ಕಂದು ಮೈ ತುಂಬ ಬಿಳಿ ಚುಕ್ಕೆ, ಕೆಂಪು ಕಣ್ಣು, ಉದ್ದ ಬಾಲ ಇದ್ದರೆ ಅದು ಹೆಣ್ಣು ಕೋಗಿಲೆ. ಮಿರಮಿರ ಕಪ್ಪಗಿದ್ದು ಕುಹೂ ಎಂದು ಏರುದನಿಯಲ್ಲಿ ಕೂಗುವುದು ಗಂಡು. ಹೆಣ್ಣು ಕಿಕ್ ಕಿಕ್ ಎಂದು ಗಾಬರಿಯಿಂದ ಹಾರುತ್ತದೆ. ಕಾಗೆಯ ಗೂಡಿಗೆ ಮೊಟ್ಟೆ ಸೇರಿಸುವುದು ಅದರ ಕಸುಬು, ಆದ್ದರಿಂದ ಕಾಗೆ ಗೂಡು ಕಟ್ಟಿದ ಮರದ ಸುತ್ತ ಹುಡುಕಿ.

“ಕಾಗಿಗಿಂತ ಸಣ್ಣದು ಹದ್ದಿಗೇ ಬೆನ್ನ ಹತ್ತಿ ಹೊಡಿತೈತಿ.” ಕಾಜಾಣ. ಕಪ್ಪು ಮೈ, ಕತ್ತರಿಯಂತೆ ಸೀಳಿದ ಬಾಲ. ಗೂಡಿನ ಹತ್ತಿರ ಯಾರು ಬಂದರೂ ಬಿಡುವುದಿಲ್ಲ. ಅದರ ರಕ್ಷಣೆಯಲ್ಲಿ ಅದೇ ಮರದಲ್ಲಿ ಪಾಪದ ಹಕ್ಕಿಗಳೂ ಗೂಡು ಕಟ್ಟುವುದುಂಟು.

ರಾತ್ರಿಯ ಕೂಗಿನ ಬಗ್ಗೆ ಕೇಳುವವರು ಭಯದಿಂದ ಕೇಳುತ್ತಾರೆ. ಟಿಟವಿ ನಡುರಾತ್ರಿಯಲ್ಲೂ ಕೂಗುತ್ತದೆ; ನರಿಯೋ ನಾಯಿಯೋ ಮನುಷ್ಯನೋ ಅದರ ಮೊಟ್ಟೆಯ ಕಡೆ ಬಂದಿದ್ದಾರೆ ಎಂದಷ್ಟೇ ಅರ್ಥ. ಕಿರಿಕಿರಿ ಜಗಳದ ದನಿ ಮುಸ್ಸಂಜೆಗೆ ಹಳೆಯ ಹುಣಸೆಯಿಂದ ಬಂದರೆ ಹಾಲಕ್ಕಿ ಜೋಡಿ. ಶಕುನ ಬೇಡ, ಅವು ಹುಳು ಹಿಡಿಯುವ ಪುಟ್ಟ ಗೂಬೆಗಳು. ಹೊಲದ ದಾರಿಯಲ್ಲಿ ಬೈಕಿನ ಬೆಳಕಿಗೆ ಕೆಂಪು ಕಿಡಿಯಂತೆ ಕಣ್ಣು ಹೊಳೆದು, ಹತ್ತಿರ ಬಂದಾಗ ಸದ್ದಿಲ್ಲದೆ ಎದ್ದು ಹೋದರೆ ನತ್ತಿಂಗ. ಬಂಡೆಯ ಮೇಲೆ ಬಿಟ್ಟ ಗೋಲಿ ಪುಟಿಯುತ್ತ ಪುಟಿಯುತ್ತ ನಿಲ್ಲುವ ಹಾಗೆ ಅದರ ಕೂಗು, ಚಕ್ ಚಕ್ ಎಂದು ಶುರುವಾಗಿ ಕೊನೆಗೆ ಒತ್ತೊತ್ತಾಗಿ ಮುಗಿಯುತ್ತದೆ. ದಾರಿ ಮೇಲೆ ಕೂರುವ ಚಟಕ್ಕೆ ಬಹಳ ಸಾಯುತ್ತವೆ, ಗಾಡಿ ನಿಧಾನ ಓಡಿಸಿ.

ಗೂಡಿನಿಂದ ಬಿದ್ದ ಮರಿಯ ಪ್ರಶ್ನೆ ಏಪ್ರಿಲ್, ಮೇನಲ್ಲಿ ದಿನಾ ಬರುತ್ತದೆ. ಮೈತುಂಬ ಗರಿ ಬಂದು ಕುಪ್ಪಳಿಸುವ ಮರಿಯಾದರೆ ಅದು ಹಾರಲು ಕಲಿಯುತ್ತಿದೆ. ನಾಯಿ, ಬೆಕ್ಕು ಸಿಗದಂತೆ ಹತ್ತಿರದ ಗಿಡದ ಮೇಲೆ ಕೂರಿಸಿ ದೂರ ಸರಿಯಿರಿ, ತಾಯಿ ತಂದೆ ಅಲ್ಲಿಗೇ ಬಂದು ಉಣಿಸುತ್ತವೆ. ಗರಿ ಬಾರದ ಬೋಳುಮರಿಯಾದರೆ ಗೂಡಿಗೇ ಮರಳಿ ಇಡಿ. ಮನುಷ್ಯರ ಕೈ ತಾಗಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಬರೀ ಮಾತು. ಬಾಯಿಗೆ ನೀರು ಸುರಿಯಬೇಡಿ, ಹಾಲಂತೂ ಬೇಡವೇ ಬೇಡ. ನೀರು ಶ್ವಾಸನಾಳಕ್ಕೆ ಹೋಗಿ ಸಾಯುತ್ತವೆ. ಗಾಯವಾಗಿದ್ದರೆ ರಂಧ್ರವಿರುವ ರಟ್ಟಿನ ಡಬ್ಬಿಯಲ್ಲಿ ಕತ್ತಲು ಮಾಡಿ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸಾಕುತ್ತೇವೆ ಎನ್ನುವವರು ತಿಳಿದಿರಲಿ, ಗಿಳಿಯಾಗಲಿ ಲಾವಕ್ಕಿಯಾಗಲಿ ಹಿಡಿದು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಲೆ ಹಾಕಿ ಗೌಜಲಕ್ಕಿ ಹಿಡಿಯುವುದೂ ಅಷ್ಟೇ.

ನೀಲಕಂಠ ಕಡಿಮೆಯಾಗಿದೆಯೇ ಎಂದು ಹಿರಿಯರು ಕೇಳುತ್ತಾರೆ. ಕೂತಾಗ ಮಾಸಲು, ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಬಿಚ್ಚುವ ಈ ಹಕ್ಕಿ ಕರ್ನಾಟಕದ ರಾಜ್ಯಪಕ್ಷಿ. ಬೇಸಿಗೆ ಅದರ ಕಾಲ: ಗಂಡು ಮೇಲೇರಿ, ಉರುಳುತ್ತ, ಒರಟು ದನಿಯಲ್ಲಿ ಅರಚುತ್ತ ಕೆಳಗೆ ಬೀಳುತ್ತದೆ. ಹಿರಿಯರ ಅನುಮಾನ ಸುಳ್ಳಲ್ಲ. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ದೇಶದ 942 ಬಗೆಯ ಹಕ್ಕಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಅವುಗಳಲ್ಲಿ 178ಕ್ಕೆ ತುರ್ತು ಗಮನ ಬೇಕೆಂದಿತು. ನೀಲಕಂಠ ಇಳಿಮುಖವಾಗಿದೆ, ಅದರ ಸ್ಥಿತಿಯನ್ನು ಮರುಪರಿಶೀಲಿಸಬೇಕು ಎಂದೂ ಹೇಳಿತು. ಆ ವರದಿಗೆ ಆಧಾರ ಸುಮಾರು 3 ಕೋಟಿ ದಾಖಲೆಗಳು. ಬರೆದವರು 30,000ಕ್ಕೂ ಹೆಚ್ಚು ಮಂದಿ ಹಕ್ಕಿ ನೋಡುವವರು, ಬಹುಪಾಲು ಹವ್ಯಾಸಿಗಳು. ಬೆಂಗಳೂರು, ಮೈಸೂರಿನಿಂದ ಹೋಗುವಷ್ಟು ದಾಖಲೆ ನಮ್ಮ ಕಡೆಯಿಂದ ಹೋಗುವುದಿಲ್ಲ. ನಿಮ್ಮ ಹೊಲದ ಬೇವಿನಲ್ಲಿ ನೀಲಕಂಠ ಈ ವರ್ಷವೂ ಗೂಡು ಮಾಡಿತೇ ಎಂಬ ಒಂದು ಸಾಲಿಗೆ ಅದಕ್ಕೇ ಇಲ್ಲಿ ಹೆಚ್ಚು ಬೆಲೆ.

ಹಂಚಿಕೊಳ್ಳುವಾಗ

ಹಕ್ಕಿ ನೋಡಿದ್ದನ್ನು ಬರೆದು ಹಂಚುವ ರೂಢಿ ನಮ್ಮ ದೇಶದಲ್ಲಿ ಹೊಸದಲ್ಲ. ಜಫರ್ ಫತೇಹಲ್ಲಿ 1960ರ ಸುಮಾರಿಗೆ ಹಕ್ಕಿ ವೀಕ್ಷಕರಿಗಾಗಿಯೇ ಒಂದು ಸಣ್ಣ ಪತ್ರಿಕೆ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಊರೂರಿನ ಓದುಗರು ಬರೆದು ಕಳಿಸಿದ್ದೇ ಅದರ ಜೀವಾಳ. ಈಗ ಕೈಯಲ್ಲಿ ವಾಟ್ಸ್ಆ್ಯಪ್ ಇದೆ, ಆದರೆ ಬರುವ ಪ್ರಶ್ನೆ ಬಹುಪಾಲು ಹೀಗಿರುತ್ತದೆ: ಮಸುಕಾದ ಫೋಟೋ, ಕೆಳಗೆ “ಇದು ಯಾವ ಹಕ್ಕಿ?” ಉತ್ತರ ಹೇಳುವವರಿಗೆ ಫೋಟೋಕ್ಕಿಂತ ಬೇಕಾದದ್ದು ಬೇರೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಊರ ಯಾವ ಬಗೆಯ ನೆಲ. ಗಾತ್ರ: ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ, ಹದ್ದಿನಷ್ಟೋ. ಕೊಕ್ಕು ನೇರವೋ ಬಾಗಿದೆಯೋ, ಕಾಲಿನ ಬಣ್ಣ ಏನು, ಬಾಲ ಅಲ್ಲಾಡಿಸುತ್ತಿತ್ತೇ, ನಡೆಯುತ್ತಿತ್ತೇ ಕುಪ್ಪಳಿಸುತ್ತಿತ್ತೇ. ಎಷ್ಟಿದ್ದವು. ಇಷ್ಟು ಬರೆದರೆ ಫೋಟೋ ಇಲ್ಲದೆಯೂ ಹತ್ತರಲ್ಲಿ ಏಳಕ್ಕೆ ಹೆಸರು ಸಿಗುತ್ತದೆ. ಕಾಣದಿದ್ದದ್ದನ್ನೂ ಬರೆಯಿರಿ. ಜೋಳದ ಹೊಲಕ್ಕೆ ಮೋಡದಂತೆ ಎರಗುವ ಗುಲಾಬಿ ಕಬ್ಬಕ್ಕಿಗಳು ಏಪ್ರಿಲ್ ಹೊತ್ತಿಗೆ ಮಧ್ಯ ಏಷ್ಯಾದ ಕಡೆ ಹೊರಟುಹೋಗುತ್ತವೆ, ಗದ್ದೆಗೊರವಗಳೂ ಉತ್ತರಕ್ಕೆ ಹೋಗುತ್ತವೆ. ಅವು ಕೊನೆಯ ಬಾರಿ ಕಂಡ ದಿನಾಂಕ ಮೊದಲು ಕಂಡ ದಿನಾಂಕದಷ್ಟೇ ಮುಖ್ಯ. ಆದರೆ ಮೊದಲ ದಿನವನ್ನು ಎಲ್ಲರೂ ಸಂಭ್ರಮದಿಂದ ಬರೆಯುತ್ತಾರೆ, ಕೊನೆಯದನ್ನು ಯಾರೂ ಬರೆಯುವುದಿಲ್ಲ.

ಹಂಚಬಾರದ್ದೂ ಇದೆ. ಗೂಡಿನ ಜಾಗ, ಗೂಡಿನ ಹತ್ತಿರದ ಫೋಟೋ ಬೇಡ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಸುವುದೂ ಬೇಡ. ಮರಿಗೆ ಉಣಿಸಬೇಕಾದ ಹೊತ್ತನ್ನು ಅದು ಇಲ್ಲದ ಶತ್ರುವಿನ ಹುಡುಕಾಟದಲ್ಲಿ ಕಳೆಯುತ್ತದೆ. ಎರ್ಲಡ್ಡು ಹಕ್ಕಿಯದಂತೂ ಬೇರೆಯೇ ಮಾತು. ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ತಾಲೂಕಿನ ಎರೆಹೊಲಗಳು ಕರ್ನಾಟಕದಲ್ಲಿ ಅದು ಕಡೆಯದಾಗಿ ಉಳಿದ ಜಾಗ. ಹಕ್ಕಿಗೆ ನದಿ ಗಡಿಯಲ್ಲ, ಆದ್ದರಿಂದ ನಮ್ಮ ಕಡೆಯ ಹೊಲಗಳಲ್ಲಿ ಅದನ್ನು ಹುಡುಕುವ ಆಸೆ ಸಹಜ. ಸುಮಾರು ಮೂರಡಿ ಎತ್ತರ, ಬಿಳಿಯ ಉದ್ದ ಕತ್ತು, ಕಪ್ಪು ನೆತ್ತಿ, ಕೊಕ್ಕು ತುಸು ಮೇಲಕ್ಕೆತ್ತಿದ ಗತ್ತಿನ ನಡಿಗೆ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ವಿದ್ಯುತ್ ತಂತಿಗೆ ಬಡಿದು ಸಾಯುವುದು ಅದಕ್ಕಿರುವ ದೊಡ್ಡ ಕುತ್ತು. ಅಂಥದ್ದು ಕಂಡರೆ ಯಾವ ಗುಂಪಿಗೂ ಹಾಕದೆ ವಲಯ ಅರಣ್ಯ ಕಚೇರಿಗೆ ಮಾತ್ರ ತಿಳಿಸಿ. ನೋಡಲು ಬರುವ ಹತ್ತು ಕಾರುಗಳೇ ಅದನ್ನು ಓಡಿಸಿಬಿಡುತ್ತವೆ.

ಗುಂಪು ಕಟ್ಟಿ ನೋಡಬೇಕೆನ್ನುವವರಿಗೆ ಒಂದು ದಿನ ಇದೆ. ಮೇ ತಿಂಗಳ ಎರಡನೇ ಶನಿವಾರ ಜಗತ್ತಿನಾದ್ಯಂತ ‘ಗ್ಲೋಬಲ್ ಬಿಗ್ ಡೇ’ ನಡೆಯುತ್ತದೆ. ಆ ದಿನ ಕಂಡ ಹಕ್ಕಿಗಳ ಪಟ್ಟಿಯನ್ನು ಇಬರ್ಡ್ ಆ್ಯಪ್‌ನಲ್ಲಿ ಹಾಕುವುದು. ನಮ್ಮಲ್ಲಿ ಅದು ಕೃತ್ತಿಕಾ ಮಳೆಯ ಹೊತ್ತು. ಮೂರ್ನಾಲ್ಕು ಮಂದಿ ಸೇರಿ ಒಬ್ಬರು ಕಾಲುವೆ, ಒಬ್ಬರು ಕೆರೆ, ಒಬ್ಬರು ಬೀಳು ಹೊಲ ಎಂದು ಹಂಚಿಕೊಂಡರೆ ಸಾಕು. ಹದಿನೈದು ನಿಮಿಷಕ್ಕೊಂದು ಪಟ್ಟಿ ಮಾಡಿ, ಕಂಡ ಎಲ್ಲ ಹಕ್ಕಿ ಬರೆಯಿರಿ, ಕಾಗೆ ಗುಬ್ಬಿಯನ್ನೂ ಬಿಡಬೇಡಿ. ಆಮೇಲೆ ಮಿರಗದ ಮಳೆ ಹತ್ತಿರವಾಗುವ ಹೊತ್ತಿಗೆ ಕಣ್ಣು ಚಾತಕದ ಕಡೆಗೆ ಇರಲಿ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಲೆಯಲ್ಲಿ ಚೊಟ್ಟಿ, ರೆಕ್ಕೆಯಲ್ಲಿ ಬಿಳಿ ಪಟ್ಟಿ. ಮುಂಗಾರಿನ ಜೊತೆ ಆಫ್ರಿಕಾದಿಂದ ಬರುವ ಚಾತಕಗಳಿವೆ, ದಕ್ಷಿಣದಲ್ಲೇ ವರ್ಷವಿಡೀ ಇರುವವೂ ಇವೆ. ಹರಟೆಮಲ್ಲದ ಗೂಡಿನ ಸುತ್ತ ಅದು ಸುಳಿದರೆ ಮೊಟ್ಟೆ ಸೇರಿಸಲು ಬಂದಿದೆ ಎಂದೇ ತಿಳಿಯಿರಿ.